ಒಂಬತ್ತು ಹೆಸರಿನ ಹಾಜರಿ

ನನ್ನ ಗಂಡ ಹದಿಮೂರು ವರ್ಷ ಒಂದೇ ಕಾರ್ಖಾನೆಯಲ್ಲಿ, ಒಂದೇ ಶೆಡ್ಡಿನಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತು ಕೆಲಸ ಮಾಡಿದರು. ಆ ಹದಿಮೂರು ವರ್ಷಗಳಲ್ಲಿ ಅವರಿಗೆ ಒಂಬತ್ತು ಹೆಸರುಗಳಿದ್ದವು. ಅವುಗಳಲ್ಲಿ ಒಂದೂ ಅವರದಾಗಿರಲಿಲ್ಲ.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಈಗಲೂ ಯಾರಾದರೂ "ನಿಮ್ಮ ಯಜಮಾನರು ಎಲ್ಲಿ ಕೆಲಸದಲ್ಲಿದ್ದರು?" ಎಂದು ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಉತ್ತರ ಗೊತ್ತಿಲ್ಲದೆ ಅಲ್ಲ. ಆ ಒಂದು ಉತ್ತರವನ್ನು ಕಾಗದದ ಮೇಲೆ ತರಿಸಲು ಎಷ್ಟು ಜನ ಎಷ್ಟು ಸಲ ಬಸ್ಸು ಹತ್ತಿ ಇಳಿದರು ಎಂಬುದು ನೆನಪಾಗಿ ಮೈ ಸೋತಂತಾಗುತ್ತದೆ.

ಭದ್ರಾವತಿ ಕಡೆಯ ಕಾರ್ಖಾನೆ ಎಂದ ಕೂಡಲೇ ಜನ ಅಲ್ಲಿನ ಎರಡು ದೊಡ್ಡ ಕಾರ್ಖಾನೆಗಳನ್ನು ನೆನೆಯುತ್ತಾರೆ. ಅವರದು ಅವೆರಡೂ ಅಲ್ಲ. ಶಿವಮೊಗ್ಗದಿಂದ ಹೋಗುವಾಗ ಮಲವಗೊಪ್ಪ ದಾಟಿದ ಮೇಲೆ ರಸ್ತೆಯಿಂದ ಒಳಗೆ ಇದ್ದ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಸಣ್ಣ ಕಾರ್ಖಾನೆ. ಅಚ್ಚಿನಿಂದ ಹೊರಬಂದ ತುಂಡುಗಳ ಅಂಚಿನಲ್ಲಿ ಮುಳ್ಳು, ಗಂಟುಗಳು ಉಳಿದಿರುತ್ತವೆ. ಅವನ್ನು ತಿರುಗುವ ಕಲ್ಲಿಗೆ ಒತ್ತಿ ಹಿಡಿದು ನಯ ಮಾಡುವುದು ಅವರ ಕೆಲಸ. ಸಂಜೆ ಮನೆಗೆ ಬಂದಾಗ ರೆಪ್ಪೆಯ ಕೂದಲಲ್ಲೂ ಬೂದು ಬಣ್ಣದ ಪುಡಿ ಇರುತ್ತಿತ್ತು. ನಾವು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಬಚ್ಚಲಿನ ನೀರು ಹರಿದುಹೋಗುವ ದಾರಿಯಲ್ಲಿ ಒಂದು ಕಪ್ಪು ಗೆರೆ ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಕಂಪನಿಯ ಸ್ವಂತ ಕೆಲಸಗಾರರು ಕಡಿಮೆ. ಉಳಿದವರೆಲ್ಲ ಕಂಟ್ರಾಕ್ಟರ್ ಕೈಕೆಳಗೆ. ಕಂಟ್ರಾಕ್ಟರ್ ಮುಖವನ್ನು ಅವರು ನೋಡಿದ್ದೇ ಎರಡೋ ಮೂರೋ ಸಲ. ಎಲ್ಲವೂ ಮೇಸ್ತ್ರಿಯದು. ಬೆಳಿಗ್ಗೆ ಗೇಟಿನ ಒಳಗೆ ಸಾಲಾಗಿ ನಿಲ್ಲಿಸಿ ಪುಸ್ತಕ ನೋಡಿ ಹೆಸರು ಕೂಗುತ್ತಿದ್ದ. ಇವರು "ಹಾಜರ್" ಎನ್ನಬೇಕು. ಒಂದೇ ಹೆಸರು ವರ್ಷಗಟ್ಟಲೆ ಪುಸ್ತಕದಲ್ಲಿ ಉಳಿದರೆ ಆ ಮನುಷ್ಯ ನಾಳೆ ಖಾಯಂ ಮಾಡಿ ಎಂದು ಕೇಳಬಹುದು. ಅದಕ್ಕೇ ಕೆಲವು ತಿಂಗಳಿಗೊಮ್ಮೆ ಹೆಸರು ಬದಲಾಗುತ್ತಿತ್ತು. ಮನುಷ್ಯ ಅದೇ, ಕಲ್ಲು ಅದೇ, ಹೆಸರು ಬೇರೆ.

ಮೊದಲ ಸಲ ಹೀಗಾದಾಗ ಅವರು ನಗುತ್ತಾ ಮನೆಗೆ ಬಂದಿದ್ದರು.

"ಲೇ, ನಿನ್ನ ಗಂಡ ಕೆಲಸ ಬಿಟ್ಟ ಕಣೆ."

ನಾನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತೆ. "ಏನ್ರೀ ಹಂಗಂದ್ರೆ?"

"ಪುಸ್ತಕದಲ್ಲಿ ಬಿಟ್ಟ. ಅವನ ಜಾಗಕ್ಕೆ ಹೊಸಬನೊಬ್ಬ ಸೇರ್ಕೊಂಡ. ಅವನೂ ನಾನೇ. ಹೊಸಬ ಅಂತ ಎರಡು ದಿನ ಕೆಲಸ ಕಲೀತೀನಿ ಅಂದೆ, ಮೇಸ್ತ್ರಿ ಬೈದ."

ನನಗೂ ನಗು ಬಂತು. ಆಗ ಮದುವೆಯಾಗಿ ಎರಡು ವರ್ಷ. ಯಾವುದಕ್ಕೆ ನಗಬಾರದು ಎಂದು ಗೊತ್ತಿರಲಿಲ್ಲ.

ಆ ಹೆಸರುಗಳು ಎಲ್ಲಿಂದ ಬರುತ್ತಿದ್ದವೋ ಮೇಸ್ತ್ರಿಗೇ ಗೊತ್ತು. ಒಮ್ಮೆ ಕೆಲಸ ಬಿಟ್ಟುಹೋದ ಯಾರದೋ ಹೆಸರು, ಒಮ್ಮೆ ಅವನ ಭಾವಮೈದುನನದು, ಒಮ್ಮೆ ಸತ್ತೇಹೋದವನದು. ಇವರ ಪಕ್ಕದ ಕಲ್ಲಿನಲ್ಲಿ ಕೆಲಸ ಮಾಡುತ್ತಿದ್ದವರನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುವವರು. ಒಂದು ಸಲ ಮೇಸ್ತ್ರಿ ಗಮನಿಸದೆ ಭಾಯಿಗೆ ಹಿಂದೂ ಹೆಸರನ್ನೂ ಇವರಿಗೆ ಮುಸಲ್ಮಾನ ಹೆಸರನ್ನೂ ಹಾಕಿಬಿಟ್ಟಿದ್ದ. ಆ ಸಂಜೆ ನಮ್ಮ ಜಗಲಿಯ ಮೇಲೆ ಇಬ್ಬರೂ ಕೂತು ಆಡಿದ ಮಾತು ನನಗೆ ಇನ್ನೂ ನೆನಪಿದೆ.

"ನೋಡು ಮಾರಾಯ," ಎಂದರು ಭಾಯಿ, "ಶುಕ್ರವಾರ ನೀನ್ ಹೋಗಿ ನಮಾಜ್ ಮಾಡ್ಕೊಂಡ್ ಬಾ. ನಿನ್ ಬದ್ಲು ಗಣಪತಿ ಚಂದಾ ನಾನು ಎತ್ತೀನಿ."

"ಹಬ್ಬದ ಬಿರಿಯಾನಿ ಯಾರಿಗೆ?"

"ಅದು ಹೆಸ್ರಿಗಲ್ಲ, ಹೊಟ್ಟೆಗೆ. ನಂಗೇ."

ಈ ನಗು ನಿಂತದ್ದು ಅವರ ಶೆಡ್ಡಿನ ಒಬ್ಬನ ಕಾಲ ಮೇಲೆ ಎರಕದ ತುಂಡು ಬಿದ್ದ ದಿನ. ಅವನನ್ನು ಪುಸ್ತಕದಲ್ಲಿದ್ದ ಹೆಸರಿನಲ್ಲೇ ಆಸ್ಪತ್ರೆಗೆ ಸೇರಿಸಿದ್ದರು. ಸುದ್ದಿ ತಿಳಿದು ಓಡಿಬಂದ ಹೆಂಡತಿ ಗಂಡನ ಹೆಸರು ಹೇಳಿ ಕೇಳಿದರೆ, ಆ ಹೆಸರಿನವರು ಯಾರೂ ಇಲ್ಲಮ್ಮ ಎಂದರು. ಇದ್ದದ್ದನ್ನೇ ಹೇಳಿದರು, ಅವರ ತಪ್ಪಿಲ್ಲ. ಆಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಸಂಜೆಯವರೆಗೆ ಒಂದೊಂದೇ ವಾರ್ಡು ಹುಡುಕಿದಳು. ಗಂಡ ಸತ್ತಿದ್ದಾನೆ, ತನಗೆ ಹೇಳುತ್ತಿಲ್ಲ ಎಂದುಕೊಂಡು ಬಾಗಿಲಲ್ಲಿ ಕೂತು ಅಳುವಾಗ ಪಾಳಿ ಮುಗಿಸಿ ಬಂದ ಭಾಯಿ ಕಂಡು ಒಳಗೆ ಕರೆದುಕೊಂಡು ಹೋದರು.

ಆ ವಾರವೇ ಅವರಲ್ಲಿ ನಾಲ್ಕೈದು ಜನ ಭದ್ರಾವತಿಗೆ ಹೋಗಿ ಒಬ್ಬ ಹಿರಿಯರನ್ನು ಕಂಡು ಬಂದರು. ಅಲ್ಲಿನ ದೊಡ್ಡ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಅಲ್ಲಿ ಯೂನಿಯನ್ ನಡೆಸಿದವರು. ಮನೆಮಾತು ತಮಿಳು. ಎಲ್ಲರೂ ಅವರನ್ನು ಲೀಡರ್ ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವರ ಒಂದು ದೋಷವೆಂದರೆ ಮಾತು ಶುರು ಮಾಡಿದರೆ ನಿಲ್ಲಿಸಲು ಬರುತ್ತಿರಲಿಲ್ಲ. ಮಲವಗೊಪ್ಪದ ಬಸ್ ನಿಲ್ದಾಣದ ಹತ್ತಿರ ನಡೆದ ಮೊದಲ ಸಭೆಯಲ್ಲಿ ಅವರ ಭಾಷಣ ಮುಗಿಯುವಷ್ಟರಲ್ಲಿ ಮೂರು ಬಸ್ಸು ಹೋಗಿ, ಅರ್ಧ ಜನವೂ ಆ ಬಸ್ಸುಗಳಲ್ಲೇ ಹೋಗಿದ್ದರಂತೆ.

ಎರಡನೆಯ ಸಭೆ ನಮ್ಮ ಜಗಲಿಯಲ್ಲಿ. ಆ ದಿನ ಲೀಡರ್ ಹೆಚ್ಚು ಮಾತಾಡಲಿಲ್ಲ.

"ನಮಗೆ ಏನ್ ಬೇಕು ಅಂತ ಆಮೇಲೆ ಬರೀಬಹುದು. ಮೊದಲು ನಾವು ಯಾರು ಅಂತ ಬರೀಬೇಕು. ಕೈಬರಹ ಯಾರದು ಚೆನ್ನಾಗಿದೆ?"

"ನಮ್ಮನೆಯವಳದು ಸಾರ್. ಹತ್ತನೇ ಕ್ಲಾಸು ಓದಿದಾಳೆ," ಎಂದರು ಇವರು. ನನಗೆ ಸಿಟ್ಟು ಬಂತು. ಕೇಳದೆಯೇ ಹೇಳಿದ್ದಕ್ಕೆ ಸಿಟ್ಟು, ಆಮೇಲೆ ಭಯ. ಆದರೂ ಸೆರಗು ಸರಿಮಾಡಿಕೊಂಡು ಹೊಸ್ತಿಲ ಒಳಗಡೆ ಕೂತು ಬರೆದೆ. ಒಂದು ಕಡೆ ಅಪ್ಪ ಅಮ್ಮ ಇಟ್ಟ ಹೆಸರು, ಎದುರಿಗೆ ಇದುವರೆಗೆ ಹಾಜರಿಯಲ್ಲಿ ನಡೆದ ಹೆಸರುಗಳು. ಒಬ್ಬೊಬ್ಬರೇ ಬಂದು ಹೇಳಿದರು. ಕೆಲವರಿಗೆ ಹಳೆಯ ಹೆಸರುಗಳು ಮರೆತುಹೋಗಿದ್ದವು. ಪಕ್ಕದವರು ನೆನಪಿಸುತ್ತಿದ್ದರು: "ಲೇ, ಆ ಮಳೆಗಾಲದಲ್ಲಿ ನೀನು ಯಾರಾಗಿದ್ದೆ? ನಾನು ನಿಂಗೆ ಅಣ್ಣ ಆಗಿದ್ನಲ್ಲ!" ಭಟ್ಟಿಯ ಬಳಿ ಕೆಲಸ ಮಾಡುತ್ತಿದ್ದ ದಪ್ಪ ಮೀಸೆಯ ಒಬ್ಬ, ತೆಲುಗಿನವನು, ಎಲ್ಲರಿಗಿಂತ ಜೋರು ಬಾಯಿ, ಅವನು ತನ್ನ ಐದು ಹೆಸರನ್ನೂ ಗಡಿಬಿಡಿಯಿಲ್ಲದೆ ಪದ್ಯ ಒಪ್ಪಿಸಿದಂತೆ ಹೇಳಿದ.

ಎಲ್ಲರೂ ಹೋದ ಮೇಲೆ ನಾನು ಬಾಯಿ ಬಿಟ್ಟೆ. "ರೀ, ನಮಗ್ಯಾಕೆ ಇದೆಲ್ಲ? ಇದ್ದದ್ದೂ ಹೋದ್ರೆ?"

"ಇದ್ದದ್ದು ಏನಿದೆ ಹೇಳು ಮಾರಾಯ್ತಿ," ಎಂದರು. ಜೋರಾಗಿ ಹೇಳಲಿಲ್ಲ. "ನಾಳೆ ನಾನು ಅಲ್ಲಿ ಸತ್ತರೆ ಅವರ ಪುಸ್ತಕದಲ್ಲಿ ಯಾರೂ ಸಾಯಲ್ಲ."

ಯೂನಿಯನ್ನಿಂದ ಮೊದಲು ಬಂದದ್ದು ದೊಡ್ಡದೇನೂ ಅಲ್ಲ. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಬಂತು. ಕೈ ತೊಳೆಯಲು ಸೋಪು ಬಂತು. ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆಯ ಪಟ್ಟಿ ಬಂತು. ಕಟ್ಟಿಕೊಂಡರೆ ಉಸಿರು ಕಟ್ಟುತ್ತದೆಂದು ಅರ್ಧ ಜನ ಕತ್ತಿಗೆ ಸುತ್ತಿಕೊಳ್ಳುತ್ತಿದ್ದರು, ಇವರೂ ಅವರಲ್ಲಿ ಒಬ್ಬರು. ಮೇಸ್ತ್ರಿ "ಏನೋ ಲೇ" ಎನ್ನುವುದನ್ನು ಬಿಟ್ಟು "ಏನಪ್ಪಾ" ಎನ್ನಲು ಶುರು ಮಾಡಿದ. ಇದನ್ನು ಇವರು ನಾಲ್ಕು ದಿನ ಹೇಳಿದ್ದೇ ಹೇಳಿದರು. ಆಗ ನಮ್ಮ ಮಗಳಿಗೆ ನಾಲ್ಕು ವರ್ಷ. ಜಗಲಿಯ ಸಭೆಗಳಲ್ಲಿ ಕೇಳಿ ಕಲಿತು, ಬಿಸ್ಕತ್ತು ಕೊಡದಿದ್ದರೆ ಬಾಗಿಲಲ್ಲಿ ಕೈ ಎತ್ತಿ ನಿಂತು "ಬೇಕೇ ಬೇಕು! ನ್ಯಾಯ ಬೇಕು!" ಎಂದು ಕೂಗುತ್ತಿದ್ದಳು.

ಹೆಸರಿನ ವಿಷಯ ಮಾತ್ರ ಎಳೆಯಿತು. ಕಾರ್ಮಿಕ ಇಲಾಖೆಗೆ ಅರ್ಜಿ, ಅದಕ್ಕೆ ಕಂಪನಿಯ ಉತ್ತರ, ಅದಕ್ಕೆ ಮತ್ತೆ ಅರ್ಜಿ. ಬರೆದದ್ದೆಲ್ಲ ನಾನೇ. ಕಡೆಗೊಂದು ದಿನ ಇಲಾಖೆಯ ಅಧಿಕಾರಿ ಕಾರ್ಖಾನೆಗೇ ಬಂದು ನೋಡುವುದೆಂದು ನಿಶ್ಚಯವಾಯಿತು. ಅಧಿಕಾರಿ ಮೊದಲು ಕಂಟ್ರಾಕ್ಟರ್ ಪುಸ್ತಕದಿಂದ ಹೆಸರು ಕರೆಯುತ್ತಾರೆ. ಆಗ ಯಾರೂ ಬಾಯಿ ಬಿಡಬಾರದು. ಆಮೇಲೆ ಯೂನಿಯನ್ನಿನ ಪಟ್ಟಿ ಓದುತ್ತಾರೆ. ಆಗ ಅವರವರ ಸ್ವಂತ ಹೆಸರಿಗೆ "ಹಾಜರ್" ಎನ್ನಬೇಕು. ಇಷ್ಟೇ. ಲೀಡರ್ ಹಿಂದಿನ ಸಂಜೆ ನಮ್ಮ ಜಗಲಿಯಲ್ಲಿ ಇದನ್ನು ಎರಡು ಸಲ ಹೇಳಿದರು, ಮಕ್ಕಳಿಗೆ ಹೇಳಿದ ಹಾಗೆ. ಮೇಸ್ತ್ರಿಯೂ ಬೆಳಿಗ್ಗೆ ಬೇರೆಯದೇ ಹೇಳಿದ್ದ: ಪುಸ್ತಕದ ಹೆಸರಿಗೆ ಉತ್ತರ ಕೊಡದವರು ನಾಳೆಯಿಂದ ಬರುವುದು ಬೇಡ.

ಅಧಿಕಾರಿ ಬಂದುಹೋದ ದಿನ ಸಂಜೆ ಇವರು ತಡವಾಗಿ ಬಂದರು. ಕಾಲು ತೊಳೆಯದೆ ಒಳಗೆ ಬಂದು ಗೋಡೆಗೆ ಒರಗಿ ಕೂತರು. ಹಿಂದೆಯೇ ಭಾಯಿ ಬಂದರು. ಅವರೇ ಹೇಳಿದ್ದು.

ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರಂತೆ. ಅಧಿಕಾರಿ ಕುರ್ಚಿಯ ಮೇಲೆ ಕೂತು ಪುಸ್ತಕದ ಹೆಸರು ಒಂದೊಂದೇ ಕರೆದರು. ಯಾರೂ ಉಸಿರೆತ್ತಲಿಲ್ಲ. ಹೆಸರುಗಳು ಹಾಗೇ ಗಾಳಿಗೆ ಹೋಗುತ್ತಿದ್ದವು. ಆಗ ಇವರಿಗೆ ನಡೆಯುತ್ತಿದ್ದ ಹೆಸರು ಬಂತು. ಇವರು ಕೈ ಕಟ್ಟಿ, ತಲೆ ತಗ್ಗಿಸಿ, ದಿನಾ ಬೆಳಿಗ್ಗೆ ಹೇಳುವ ಹಾಗೆ "ಹಾಜರ್ ಸಾರ್" ಎಂದುಬಿಟ್ಟರು.

"ಬಾಯಿ ತಪ್ಪಿತು, ಆಯ್ತು," ಎಂದರು ಭಾಯಿ. "ಅಷ್ಟಕ್ಕೇ ಆಗಿದ್ರೆ ಪರವಾಗಿರ್ಲಿಲ್ಲ ಭಾಭಿ. ಆಮೇಲೆ ನಮ್ ಲಿಸ್ಟ್ ಓದಿದ್ರು. ಇವನ ಹೆಸ್ರು ಬಂತು. ನಾನು ಪಕ್ಕದಲ್ಲೇ ಇದ್ದೆ, ಮೊಣಕೈಯಲ್ಲಿ ತಿವಿದೆ. ಎರಡ್ ಸಲ ಕರೆದ್ರು. ಇವ್ನು ಸುಮ್ನೆ ನಿಂತಿದಾನೆ!"

ನಾನು ಇವರ ಮುಖ ನೋಡಿದೆ. ಆಗ ಬಾಯಿ ಬಿಟ್ಟರು.

"ಒಂದು ಸಲ ಹಾಜರ್ ಅಂದಾಗಿತ್ತಲ್ಲ. ಸಾಹೇಬರ ಮುಂದೆ ಎರಡನೇ ಸಲ ಇನ್ನೊಂದು ಹೆಸರಿಗೆ ಹಾಜರ್ ಅಂದ್ರೆ ಸುಳ್ಳಾಗುತ್ತಲ್ಲ."

ಎಂಟು ವರ್ಷ ಸುಳ್ಳು ಹೆಸರಿನಲ್ಲಿ ದುಡಿದ ಮನುಷ್ಯ, ಒಂದು ದಿನ ಸುಳ್ಳು ಹೇಳಬಾರದೆಂದು ತನ್ನ ಹೆಸರನ್ನೇ ಬಿಟ್ಟುಕೊಟ್ಟು ಬಂದಿದ್ದರು. ಅಧಿಕಾರಿ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಗೈರುಹಾಜರು" ಎಂದು ಬರೆದಿದ್ದರು. ಉಳಿದವರೆಲ್ಲರ ಮುಂದೆ ಹಾಜರು.

ನಿಜವಾದ ಕಷ್ಟ ಮರುದಿನದಿಂದ. ಇವರು ಮೇಸ್ತ್ರಿಯ ಮಾತಿಗೆ ಸಿಕ್ಕಿ ಬೇಕೆಂದೇ ಹೀಗೆ ಮಾಡಿದರು ಎಂದು ಕೆಲವರು ಆಡಿಕೊಂಡರು. ಭಟ್ಟಿಯ ಮೀಸೆಯವನು ಬಸ್ ನಿಲ್ದಾಣದಲ್ಲಿ ಎಲ್ಲರೆದುರಿಗೇ ಕೇಳಿದನಂತೆ: "ಏನಪ್ಪಾ, ಮೇಸ್ತ್ರಿ ಮನೆ ಊಟ ರುಚಿಯಾಗಿತ್ತಾ?" ಇವರು ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಬಂದರು. ಅಂದಿನಿಂದ ಯಾವಾಗಲೂ ಒಂದು ಬಸ್ಸು ತಡ. ಭಾಯಿಯೂ ಇವರ ಜೊತೆ ಒಂದು ಬಸ್ಸು ತಡ ಮಾಡಿ ಬರುತ್ತಿದ್ದರು. ಕೇಳಿದರೆ "ಆ ಬಸ್ಸಲ್ಲಿ ಸೀಟ್ ಸಿಗಲ್ಲ ಭಾಭಿ" ಎನ್ನುತ್ತಿದ್ದರು.

ಕೆಲವು ತಿಂಗಳ ಮೇಲೆ ಕಂಪನಿ ಮಾತುಕತೆಗೆ ಬಂತು. ಅಧಿಕಾರಿಯ ಪಟ್ಟಿಯಲ್ಲಿ ಹಾಜರಿದ್ದವರನ್ನು ಹಂತಹಂತವಾಗಿ ಖಾಯಂ ಮಾಡುತ್ತೇವೆ, ಗೈರುಹಾಜರಾದವನು ನಮ್ಮವನಲ್ಲ ಎಂದಿತು. ನಮ್ಮ ಜಗಲಿಯಲ್ಲೇ ಅದರ ಸಭೆ ಆಯಿತು. ಇವರು ಮೂಲೆಯಲ್ಲಿ ಕೂತಿದ್ದರು. ನಾನು ಒಳಗಿನಿಂದ ಕೇಳಿಸಿಕೊಂಡೆ.

"ಒಬ್ಬನಿಗೋಸ್ಕರ ಎಲ್ಲರದ್ದೂ ಹಾಳು ಮಾಡೋಕಾಗುತ್ತಾ?" ಎಂದ ಮೀಸೆಯವನು.

"ಒಬ್ಬನ್ನ ಬಿಟ್ಟು ಮುಂದೆ ಹೋದರೆ ಅದು ಯೂನಿಯನ್ ಅಲ್ಲಪ್ಪಾ, ಬಸ್ಸು," ಎಂದರು ಲೀಡರ್.

"ಬಸ್ಸೇ ಇರ್ಲಿ ಸಾರ್. ಹತ್ತಿದವ್ರು ಹೋಗ್ಬೇಕಲ್ಲ. ಅವನೇ ಹತ್ತಲಿಲ್ಲ."

ಬಹಳ ಹೊತ್ತು ಗದ್ದಲವಾಯಿತು. ಲೀಡರ್ ಸಹಿ ಮಾಡುವುದಿಲ್ಲ ಎಂದು ಪಟ್ಟು ಹಿಡಿದರು. ಕಡೆಗೆ ಇವರೇ ಎದ್ದು ನಿಂತು, "ಸಹಿ ಮಾಡಿ ಸಾರ್. ಅವರ ಮನೇಲೂ ಮಕ್ಕಳಿದಾವೆ. ತಪ್ಪು ನಂದು," ಎಂದರು. ಲೀಡರ್ ಕನ್ನಡಕ ತೆಗೆದು ಒರೆಸಿಕೊಂಡು, ಸಹಿ ಮಾಡ್ತೀನಿ, ಆದರೆ ಇವನ ಒಬ್ಬನ ಅರ್ಜಿ ಯೂನಿಯನ್ ಹೆಸರಲ್ಲೇ ಬೇರೆಯಾಗಿ ಹಾಕ್ತೀವಿ, ಅದು ಮುಗಿಯೋವರೆಗೂ ಯೂನಿಯನ್ ಕೆಲಸ ಮುಗಿದಿಲ್ಲ ಅಂತ ಇವತ್ತೇ ಬರೆದಿಡಬೇಕು, ಎಂದರು. ಒಳಗಿದ್ದ ನನ್ನನ್ನು ಕರೆದು ಬರೆಸಿದರು. ಎಲ್ಲರೂ ರುಜು ಹಾಕಿದರು, ಮೀಸೆಯವನೂ.

ಆ ದಿನ ನಾನು ಯೂನಿಯನ್ನನ್ನು ಬೈದುಕೊಂಡೆ. ಬರೆಯಲು ನನ್ನ ಕೈ ಬೇಕಿತ್ತು, ಕೂರಲು ನಮ್ಮ ಜಗಲಿ ಬೇಕಿತ್ತು, ಕಡೆಗೆ ನಮ್ಮವರೇ ಹೊರಗೆ. ಈಗ ಯೋಚಿಸಿದರೆ, ಅವರಿಗೆ ಬೇರೆ ದಾರಿ ಏನಿತ್ತೋ ತಿಳಿಯದು. ಬೇರೆ ದಾರಿ ಇತ್ತೆಂದು ಹೇಳುವಷ್ಟು ಧೈರ್ಯ ನನಗಿಲ್ಲ, ಇರಲಿಲ್ಲ ಎಂದು ಹೇಳುವಷ್ಟು ದೊಡ್ಡ ಮನಸ್ಸೂ ಇಲ್ಲ.

ಉಳಿದವರು ಖಾಯಂ ಆದರು. ಅವರಿಗೆ ಗುರುತಿನ ಚೀಟಿ, ಇಎಸ್‌ಐ ಕಾರ್ಡು, ವರ್ಷಕ್ಕೆರಡು ಜೊತೆ ಬಟ್ಟೆ. ಇವರು ಅದೇ ಶೆಡ್ಡಿನಲ್ಲಿ ಭಾಯಿಯ ಪಕ್ಕದಲ್ಲೇ ಹಳೆಯ ಅಂಗಿಯಲ್ಲಿ. ಇವರನ್ನು ತೆಗೆದುಹಾಕಲಿಲ್ಲ. ತೆಗೆದರೆ ಕೆಲಸಕ್ಕಿದ್ದ ಎಂದು ಒಪ್ಪಿದಂತಾಗುತ್ತದೆ ಎಂದು ಲೀಡರ್ ನಗುತ್ತಿದ್ದರು. ಹೆಸರು ಬದಲಾಯಿಸುವುದೂ ನಿಂತಿತು. ಅಧಿಕಾರಿಯ ಮುಂದೆ ಯಾವ ಹೆಸರಿಗೆ ಹಾಜರ್ ಎಂದಿದ್ದರೋ ಅದೇ ಖಾಯಂ ಆಯಿತು. ಐದು ವರ್ಷ ಇವರು ಆ ಮನುಷ್ಯನಾಗಿದ್ದರು. ಅವನು ಮೇಸ್ತ್ರಿಯ ಊರಿನ ಕಡೆಯವನಂತೆ, ಎಲ್ಲೋ ಹೋದವನು ತಿರುಗಿ ಬಂದಿಲ್ಲವಂತೆ. ಒಮ್ಮೊಮ್ಮೆ ಊಟ ಮಾಡುತ್ತಾ "ಅವನು ಈಗ ಎಲ್ಲಿರಬಹುದು?" ಎನ್ನುತ್ತಿದ್ದರು. ನನಗೆ ಆ ಪ್ರಶ್ನೆ ಇಷ್ಟವಾಗುತ್ತಿರಲಿಲ್ಲ.

ಕೆಮ್ಮು ಶುರುವಾದದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ಬೀಡಿಯ ಕೆಮ್ಮು ಎಂದುಕೊಂಡೆವು; ಬೀಡಿ ಬಿಟ್ಟರು, ಕೆಮ್ಮು ಬಿಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಒಂದು ಭಾನುವಾರ ಭಾಯಿ ತಮ್ಮ ಇಎಸ್‌ಐ ಕಾರ್ಡು ತಂದು ಮುಂದೆ ಇಟ್ಟರು.

"ಇದು ತಗೊಂಡ್ ಹೋಗು. ಫೋಟೋದಲ್ಲಿ ನನ್ ಮುಖ ಹೆಂಗೂ ಕಾಣ್ಸಲ್ಲ. ದೊಡ್ಡ ಡಾಕ್ಟ್ರ ಹತ್ರ ಬರೆದು ಕೊಡ್ತಾರೆ."

"ಹತ್ತನೇ ಹೆಸರಾ?" ಎಂದರು ಇವರು. ನಕ್ಕರು, ನಗು ಕೆಮ್ಮಾಯಿತು. ನಿಂತ ಮೇಲೆ, "ಬೇಡ ಮಾರಾಯ. ದುಡಿಯೋದು ಹೆಂಗೋ ಆಯ್ತು. ಇನ್ನೊಬ್ಬರ ಹೆಸರಲ್ಲಿ ಕೆಮ್ಮೋಕಾಗಲ್ಲ."

ಸರ್ಕಾರಿ ಆಸ್ಪತ್ರೆಗೆ ತಮ್ಮ ಹೆಸರಿನಲ್ಲೇ ಹೋದರು. ಅಲ್ಲಿ ಚೆನ್ನಾಗಿಯೇ ನೋಡಿದರು. ಎದೆಯ ಫೋಟೋ ತೆಗೆದು, ಕಲ್ಲಿನ ಪುಡಿಯ ಕೆಲಸ ಬಿಡಬೇಕು ಎಂದರು. ಅದಾಗಲೇ ತಡವಾಗಿತ್ತು. ಹದಿನೈದು ತಿಂಗಳು ಮನೆಯಲ್ಲಿದ್ದರು. ಕಡೆಯ ದಿನಗಳಲ್ಲಿ ಮಲಗಲು ಆಗುತ್ತಿರಲಿಲ್ಲ. ದಿಂಬು ಜೋಡಿಸಿ ಕೂರಿಸುತ್ತಿದ್ದೆ. ನೋವಿನ ಬಗ್ಗೆ ಮಾತಾಡುತ್ತಿರಲಿಲ್ಲ. ಲೀಡರ್ ಬಂದಾಗ ಮಾತ್ರ ಕೇಳುತ್ತಿದ್ದರು, "ನನ್ನ ಅರ್ಜಿ ಎಲ್ಲಿಗೆ ಬಂತು ಸಾರ್?" ಅರ್ಜಿಯ ವಿಚಾರಣೆಗೆ ಮುಂದಿನ ತಾರೀಕು ಕೊಟ್ಟಿರುತ್ತಿದ್ದರು. ಯಾವಾಗಲೂ ಮುಂದಿನ ತಾರೀಕು. ಒಂದು ದಿನ ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ, ನಾನು ಗಂಜಿ ಆರಿಸುತ್ತಿರುವಾಗ, ಉಸಿರು ನಿಂತಿತು.

ಮಣ್ಣಿಗೆ ಬಂದವರಲ್ಲಿ ಶೆಡ್ಡಿನವರೆಲ್ಲ ಇದ್ದರು. ಮೀಸೆಯವನು ದೂರದಲ್ಲಿ ನಿಂತಿದ್ದ. ಹತ್ತಿರ ಬರಲಿಲ್ಲ.

ಅದಾದ ಮೇಲೆ ನಾನು ವಿನೋಬನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದೆ. ರೋಗಿಗಳ ಬಟ್ಟೆ ಬದಲಿಸುವುದು, ನೆಲ ಒರೆಸುವುದು. ನಾವು ಆರು ಜನ ಹೆಂಗಸರು, ನಮ್ಮನ್ನು ಕಳಿಸಿದವರು ಯಾರೋ ಏಜೆನ್ಸಿಯವರು. ಒಬ್ಬಳಿಗೆ ಜ್ವರ ಬಂದು ನಾಲ್ಕು ದಿನ ಬರದಿದ್ದರೆ ಐದನೆಯ ದಿನ ಅವಳ ಜಾಗದಲ್ಲಿ ಇನ್ನೊಬ್ಬಳಿರುತ್ತಾಳೆ. ಹೋದವಳು ಏನಾದಳು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಇಷ್ಟೆಲ್ಲ ಕಂಡ ನಾನೇ ಕೇಳಲಿಲ್ಲ. ಮಗಳ ಓದು, ಮನೆಯ ಬಾಡಿಗೆ, ಕಾಲುನೋವು. ಕೇಳುವುದಕ್ಕೆ ಜೊತೆಗೆ ಇನ್ನೊಬ್ಬರು ಬೇಕು, ಅವರಿಗೂ ಇವೇ. ಲೀಡರ್ ಆ ವಯಸ್ಸಿನಲ್ಲಿ ಭದ್ರಾವತಿಯಿಂದ ಬಸ್ಸು ಹತ್ತಿ ಯಾರ ಯಾರದೋ ಜಗಲಿಗೆ ಬರುತ್ತಿದ್ದದ್ದು ಎಂಥ ಕೆಲಸ ಎಂಬುದು ನನಗೆ ಅಲ್ಲಿ ನೆಲ ಒರೆಸುವಾಗ ತಿಳಿಯಿತು.

ನಮ್ಮವರು ತೀರಿಕೊಂಡ ಮೇಲೆ ಅರ್ಜಿಯೂ ಮುಗಿಯಿತು ಎಂದುಕೊಂಡಿದ್ದೆ. ತಿಥಿ ಕಳೆದ ಮೇಲೆ ಲೀಡರ್ ಬಂದರು.

"ಅಮ್ಮಾ, ಈಗ ನೀನು ಸಹಿ ಹಾಕಬೇಕು."

"ಇನ್ಯಾಕೆ ಸಾರ್? ಅವರೇ ಇಲ್ಲ."

"ಅವನು ಇದ್ದ ಅಂತ ಹೇಳೋಕೆ," ಎಂದರು. ಬೇರೇನೂ ಹೇಳಲಿಲ್ಲ. ಅವರ ಅತಿ ಚಿಕ್ಕ ಭಾಷಣ ಅದೇ ಇರಬೇಕು.

ವಿಚಾರಣೆ ಶಿವಮೊಗ್ಗದ ಕಚೇರಿಯಲ್ಲಿ. ಹೊಸ ಅಧಿಕಾರಿ ಬಂದಿದ್ದರು. ನನ್ನನ್ನು ನಿಲ್ಲಿಸಿ ಗಂಡನ ಹೆಸರು ಹೇಳಿ ಎಂದರು. ನಮ್ಮ ಮನೆತನದಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಅರ್ಜಿಗಳಲ್ಲಿ ಎಷ್ಟೋ ಸಲ ಬರೆದಿದ್ದೆ, ಒಮ್ಮೆಯೂ ಉಚ್ಚರಿಸಿರಲಿಲ್ಲ. ನಾಲಿಗೆ ಏಳಲಿಲ್ಲ. ಕಂಪನಿಯ ವಕೀಲರು, "ನೋಡಿ ಸಾರ್, ಹೆಂಡತಿಗೇ ಯಾವ ಹೆಸರು ಅಂತ ಗೊತ್ತಿಲ್ಲ," ಎಂದು ನಕ್ಕರು. ಆಗ ಹೇಳಿದೆ. ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು. ಗುಮಾಸ್ತ ತಲೆ ಎತ್ತಿ ನೋಡಿದ.

ನನ್ನ ಮಾತಿನಿಂದ ಏನೂ ಆಗುತ್ತಿರಲಿಲ್ಲ, ನಾನು ಹೆಂಡತಿ. ಒಳಗೆ ಕೆಲಸ ಮಾಡಿದವರು ಹೇಳಬೇಕಿತ್ತು. ಈಗ ಅವರೆಲ್ಲ ಖಾಯಂ ನೌಕರರು. ತಮ್ಮ ಕಂಪನಿಯ ವಿರುದ್ಧ ನಿಂತು ಹೇಳಬೇಕು. ಭಾಯಿ ಮೊದಲು ಹೇಳಿದರು. ಮುಂದಿನ ತಾರೀಕಿಗೆ ಇಬ್ಬರು. ಅದರ ಮುಂದಿನದಕ್ಕೆ ಮತ್ತೆ ಮೂವರು. ವಾರದ ರಜೆಯ ದಿನ ತಾರೀಕು ಬಿದ್ದರೆ ಪುಣ್ಯ, ಇಲ್ಲದಿದ್ದರೆ ರಜೆ ಹಾಕಿ ಬಂದರು. ಕೊನೆಯ ಸಾಕ್ಷಿ ಮೀಸೆಯವನು. ಬರುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು, "ಆ ದಿನ ಅಂಗಳದಲ್ಲಿ ಅವನು ನನ್ನ ಮುಂದಿನ ಸಾಲಲ್ಲೇ ನಿಂತಿದ್ದ ಸಾರ್. ಹೆಸರು ಕರೆದಾಗ ಅವನೇ ಇದ್ದ," ಎಂದ. ವಕೀಲರು "ಹಾಗಾದರೆ ಯಾಕೆ ಉತ್ತರ ಕೊಡಲಿಲ್ಲ?" ಎಂದರು. ಅವನು ಹೇಳಿದ: "ನಮ್ಮ ಹಾಗೆ ಬಾಯಿ ಇರಲಿಲ್ಲ ಸಾರ್ ಅವನಿಗೆ."

ಆದೇಶ ಬಂದದ್ದು ನಮ್ಮವರು ಹೋಗಿ ಎರಡನೆಯ ವರ್ಷ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಆರ್ಡರು ಕಡಿಮೆಯಾಗಿ ಒಂದು ಭಟ್ಟಿ ಆರಿಸಿದ್ದರು. ಗ್ರೈಂಡಿಂಗ್ ಶೆಡ್ಡಿಗೆ ಬೇರೆ ಕಂಟ್ರಾಕ್ಟರ್ ಬಂದಿದ್ದ. ಅವನ ಕೆಲಸಗಾರರು ಉತ್ತರ ದೇಶದ ಕಡೆಯವರು, ಯೂನಿಯನ್ನಿಗೆ ಬರುತ್ತಿರಲಿಲ್ಲ, ಕರೆದರೆ ಹೆದರುತ್ತಿದ್ದರು ಎಂದು ಭಾಯಿ ಹೇಳುತ್ತಿದ್ದರು. ಲೀಡರ್‌ಗೆ ಕಣ್ಣು ಮಂಜಾಗಿತ್ತು. ಆದೇಶದ ಪ್ರತಿಯನ್ನು ಭಾಯಿಯೇ ತಂದರು. ಜೊತೆಗೆ ಐದಾರು ಜನ ಬಂದಿದ್ದರು. ಜಗಲಿಯಲ್ಲಿ ಕೂತರು. ಮೀಸೆಯವನು ಮೆಟ್ಟಿಲ ಮೇಲೆಯೇ ಕೂತ. ಮೇಲೆ ಬನ್ನಿ ಎಂದೆ, ಬರಲಿಲ್ಲ.

ಕಚೇರಿಯ ಕನ್ನಡ, ಉದ್ದುದ್ದ ವಾಕ್ಯ. ನಾನೇ ಓದಿದೆ. ಮೇಲ್ಕಂಡ ಸಾಕ್ಷ್ಯಗಳನ್ನು ಪರಿಶೀಲಿಸಲಾಗಿ, ಅರ್ಜಿದಾರರ ಪತಿಯು, ಎಂದು ಅವರ ಹೆಸರು, ಅವರ ತಂದೆಯ ಹೆಸರು. ಸದರಿ ಕಾರ್ಖಾನೆಯಲ್ಲಿ ನಿರಂತರವಾಗಿ ಕೆಲಸ ನಿರ್ವಹಿಸಿದ್ದು ಸಾಬೀತಾಗಿರುವುದರಿಂದ, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರು ಎಂದು ನಮೂದಿಸಿರುವುದನ್ನು ರದ್ದುಪಡಿಸಿ, ಹಾಜರಿದ್ದರೆಂದು ಪರಿಗಣಿಸತಕ್ಕದ್ದು. ಇನ್ನೂ ಎರಡು ಪುಟ ಇತ್ತು. ಭಾಯಿ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಸಂತೋಷಪಡಬೇಕೆಂದು ಗೊತ್ತಿತ್ತು. ನಮ್ಮಲ್ಲಿ ಯಾರಿಗೂ ಅದಕ್ಕೆ ತ್ರಾಣ ಇದ್ದಂತೆ ಕಾಣಲಿಲ್ಲ.

"ಅಕ್ಕಾ," ಎಂದ ಮೀಸೆಯವನು ಮೆಟ್ಟಿಲಿನಿಂದ. ಮುಖ ರಸ್ತೆಯ ಕಡೆಗಿತ್ತು. "ಆ ಹಾಜರಿನ ಸಾಲು ಇನ್ನೊಂದ್ಸಲ ಓದಿ."

ಓದಿದೆ. ಕೇಳಿಕೊಂಡ. ಎರಡನೆಯ ಪಾಳಿ ಇದೆ ಎಂದು ಎದ್ದ. ಟೀ ಆಗುತ್ತಿದೆ, ಕುಡಿದು ಹೋಗಿ ಎಂದ ನನ್ನ ಮಾತು ಕೇಳಿಸಿತೋ ಇಲ್ಲವೋ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟುಹೋದ.